ಆಟದ ಹೆಣ

ದಯಾಮಾತೆ ಕಾಲೇಜಿನಲ್ಲಿ ಹೆಣ ಬೇಕಾದಾಗಲೆಲ್ಲ ಪ್ರಮೀಳಾಳನ್ನು ಕರೆಯುತ್ತಿದ್ದರು. ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ.

ಇದೇನು ವಿಚಿತ್ರ ಅನ್ನಬೇಡಿ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ ಪಾದ್ರಿಗಳು ಕಟ್ಟಿಸಿದ ಕಾಲೇಜು ಅದು. ಊರವರ ಬಾಯಲ್ಲಿ ಫಾದರ್ ಕಾಲೇಜು. ಅಲ್ಲಿ ಬಿ.ಎ.ಗೆ ಕ್ರಿಮಿನಲ್ ಜಸ್ಟೀಸ್ ಅಂತ ಒಂದು ವಿಷಯ. ಪೊಲೀಸರು ಏನು ಮಾಡಬೇಕು, ಕೋರ್ಟು ಏನು ಮಾಡಬೇಕು, ಜೈಲು ಹೇಗಿರಬೇಕು, ಎಲ್ಲ ಕಲಿಸುತ್ತಾರೆ. ಅನುಮಾನದ ಸಾವಾದಾಗ ಪೊಲೀಸರು ಪಂಚರನ್ನು ಕರೆದುಕೊಂಡು ಹೆಣದ ಮೈ ನೋಡಿ ಬರೆಯುತ್ತಾರಲ್ಲ, ಶವ ಪಂಚನಾಮೆ, ಅದನ್ನು ಮಾಡಿ ತೋರಿಸಿಯೇ ಕಲಿಸುತ್ತಾರೆ. ಅದಕ್ಕೊಂದು ಹೆಣ ಬೇಕು. ಕಾಲೇಜಿನಲ್ಲಿ ಹತ್ತಿ ತುಂಬಿದ ಬಟ್ಟೆಯ ಹೆಣ ಒಂದಿತ್ತು. ಅದನ್ನು ಹೆಗ್ಗಣ ತಿಂದವು.

ಆಗ ಪ್ರಮೀಳಾ ಮೊದಲನೇ ವರ್ಷದಲ್ಲಿದ್ದಳು. ಪಾಠ ಮಾಡುವ ವಿರೂಪಾಕ್ಷ ಮೇಷ್ಟ್ರು ಕ್ಲಾಸಿನ ಮಧ್ಯೆ ಟಾರ್ಪಾಲು ಹಾಸಿಸಿದರು. "ಯಾರಾದ್ರೂ ಒಬ್ರು ಹೆಣ ಆಗಿ ಮಲಗ್ರಪ್ಪ, ಹತ್ತು ನಿಮಿಷ" ಅಂದರು. ಯಾರೂ ಏಳಲಿಲ್ಲ. ಕಂಪಲಾಪುರದ ಹೊಗೆಸೊಪ್ಪಿನ ವ್ಯಾಪಾರಿಯ ಮಗಳು ಹೇಮಶ್ರೀ ಕೆನ್ನೆ ಬಡಿದುಕೊಂಡಳು. "ಮದುವೆ ಆಗದೆ ಇರೋ ಹೆಣ್ಣು ಹಂಗೆಲ್ಲ ಮಲಗಬಾರದು ಸಾರ್. ನಮ್ಮಮ್ಮ ಸಾಯಿಸಿಬಿಡ್ತಾಳೆ." ಒಬ್ಬ ಹುಡುಗ ಮಾಲೆ ಹಾಕಿದ್ದ. ಇನ್ನೊಬ್ಬನ ಅತ್ತಿಗೆ ಬಸುರಿ. ಮತ್ತೊಬ್ಬನ ಮನೆಯಲ್ಲಿ ಆ ವಾರ ದೇವರ ಕಾರ್ಯ ಇತ್ತು. ಎಲ್ಲರಿಗೂ ಒಂದೊಂದು ದೇವರು ಅಡ್ಡ ಬಂತು.

ಪಂಚನಾಮೆ ಬರೆಯುವುದನ್ನು ತೋರಿಸಲು ಠಾಣೆಯಿಂದ ದಫೇದಾರ್ ನಟರಾಜು ಬಂದಿದ್ದ. ಅವನ ಕಣ್ಣು ಕೊನೆಯ ಬೆಂಚಿನ ಮೇಲೆ ಬಿತ್ತು.

"ನೀನು ಬೀರನಕೊಪ್ಪಲಿನ ಚಾಮನ ಮಗಳಲ್ವಾ?"

ಹೌದು ಅಂದಳು.

"ಇನ್ನೇನ್ ಮೇಷ್ಟ್ರೇ, ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕ್ತಾ ಇದ್ದೀರ. ಇವ್ರಪ್ಪ ನಮ್ ಸ್ಟೇಷನ್‌ಗೆ ಹೆಣ ಎತ್ತೋನು. ಇವಳಿಗ್ಯಾತರ ಭಯ?"

ಕ್ಲಾಸೆಲ್ಲ ತಿರುಗಿ ನೋಡಿತು. ಅಲ್ಲಿಯವರೆಗೆ ಅವಳು ಬರೀ ಪ್ರಮೀಳಾ. ಆ ಗಳಿಗೆಯಿಂದ ಅವಳ ಬೆನ್ನಿಗೆ ಅವಳ ಕೇರಿಯೂ ಬಂದು ಕೂತಿತು. ಎದ್ದು ಹೋಗಿ ಮಲಗಿದಳು. ಮಲಗದೆ ಏನು ಮಾಡುತ್ತಾಳೆ? ಹೊಸ ಕಾಲೇಜು, ಸಿಸ್ಟರುಗಳ ಹಾಸ್ಟೆಲಿನಲ್ಲಿ ಪುಕ್ಕಟೆ ಸೀಟು, ಇನ್ನೂ ಬಾಯಿ ಬಂದಿರಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?

ಮಲಗಿದ್ದನ್ನು ಹೇಗೋ ಸಹಿಸಿದಳು. ಎದ್ದ ಮೇಲಿನದೇ ಬೇರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಮಶ್ರೀ ತನ್ನ ಡಬ್ಬಿ ಎತ್ತಿಕೊಂಡು ಅತ್ತ ಸರಿದಳು.

"ಬೇಜಾರ್ ಮಾಡ್ಕೋಬೇಡ ಕಣೆ. ತಲೆ ಮೇಲೆ ನೀರು ಹುಯ್ಕೊಂಡು ಬಂದ್ಬಿಡು, ಆಮೇಲೆ ಒಟ್ಟಿಗೆ ತಿನ್ನೋಣ."

ಆಟದ ಹೆಣಕ್ಕೆ ನಿಜವಾದ ಮೈಲಿಗೆ. ಹೇಮಶ್ರೀ ಕೆಟ್ಟವಳೇನಲ್ಲ. ನೋಟ್ಸು ಕೊಡುತ್ತಿದ್ದಳು, ಜ್ವರ ಬಂದಾಗ ಮಾತ್ರೆ ತಂದುಕೊಟ್ಟಿದ್ದಳು. ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಕೆಟ್ಟವರಾದರೆ ಎದುರಿಗೇ ಬೈದು ಹಗುರಾಗಬಹುದು. ಒಳ್ಳೆಯವರನ್ನು ಏನು ಮಾಡುವುದು?

ಅಲ್ಲಿಂದಾಚೆಗೆ ಹುಡುಗರು ಅವಳಿಗೆ ಬಾಡಿ ಅಂತ ಹೆಸರಿಟ್ಟರು. "ಬಾಡಿ ಬತ್ತಾ ಅದೆ, ದಾರಿ ಬುಡ್ರಲಾ" ಅಂತ ಕಾರಿಡಾರಿನಲ್ಲಿ ಗೋಡೆಗೆ ಒತ್ತಿಕೊಂಡು ನಿಲ್ಲುವರು. ಪ್ರಮೀಳಾ ಮನೆಯಲ್ಲಿ ಇದನ್ನೆಲ್ಲ ಬಾಯಿಬಿಡಲಿಲ್ಲ. ಏನು ಓದುತ್ತಿದ್ದೀಯವ್ವ ಅಂತ ಅಪ್ಪ ಕೇಳಿದರೆ "ಪೊಲೀಸ್ ಓದು ಕಣಪ್ಪ" ಅನ್ನುವಳು. ಅಪ್ಪ ಅಷ್ಟಕ್ಕೇ ಹಿಗ್ಗುವನು.

ಆ ಅಪ್ಪ, ಚಾಮಯ್ಯ, ಮಾಡುವ ಕೆಲಸ ಏನೆಂದು ಹೇಳಬೇಕು. ಹೇಳಲು ಚೆನ್ನಾಗಿಲ್ಲ. ಮಾಡಲು ಚೆನ್ನಾಗಿದೆಯೇ? ಅವನ ತಾತ ಊರ ಕುಳವಾಡಿ, ಊರಿನ ಸಾವು ಸಾರಿ ಹೆಣದ ಕೆಲಸ ಮಾಡುವವನು. ಕುಳವಾಡಿಕೆ ಹೋಗಿ ಎಷ್ಟೋ ಕಾಲವಾಯಿತು, ಅದರ ಜೊತೆಗೆ ಬಂದಿದ್ದ ತುಂಡು ಜಮೀನೂ ಹೋಯಿತು. ಹೆಣ ಮಾತ್ರ ಹೋಗಲಿಲ್ಲ. ನಾಲೆಯಲ್ಲಿ ತೇಲಿದರೆ, ಮರದಲ್ಲಿ ನೇತಾಡಿದರೆ, ರಸ್ತೆಯಲ್ಲಿ ಅಪ್ಪಚ್ಚಿಯಾದರೆ ಠಾಣೆಯಿಂದ ಫೋನು ಬರುವುದು ಚಾಮಯ್ಯನಿಗೆ. ಪೊಲೀಸರು ಮೂಗಿಗೆ ಕರ್ಚೀಫು ಹಿಡಿದು ಏರಿಯ ಮೇಲೆ ನಿಲ್ಲುತ್ತಾರೆ. ಇವನು ಸೊಂಟದ ಮಟ್ಟ ನೀರಿಗಿಳಿಯುತ್ತಾನೆ. ನೆಂದ ಹೆಣದ ಕೈ ಹಿಡಿದು ಎಳೆದರೆ ಚರ್ಮವೇ ಕಳಚಿ ಬರುತ್ತದೆ. ಕಂಕುಳಿಗೆ ತೋಳು ಕೊಟ್ಟು, ಎದೆಗೆ ಅವುಚಿಕೊಂಡು, ಹಿಂದೆ ಹಿಂದೆ ನಡೆದು ದಡಕ್ಕೆ ತರಬೇಕು. ಒಳಗಿನ ನೀರೆಲ್ಲ ಇವನ ಎದೆಯ ಮೇಲೆ ಇಳಿಯುತ್ತದೆ. ವಾಸನೆ ತಡೆಯಲಿ ಅಂತ ಮೊದಲೇ ಒಂದು ಕ್ವಾರ್ಟರ್ ಕೊಡಿಸುತ್ತಾರೆ. ಕೂಲಿ ಅಂದರೆ ಅಷ್ಟೇ. ಕೈ ಕೆಸರಾದರೆ ಬಾಯಿ ಮೊಸರಂತೆ. ಗಾದೆ ಕಟ್ಟಿದವನು ನಾಲೆಗೆ ಇಳಿದಿರಲಿಲ್ಲ.

ಅಂಥ ದಿನ ಚಾಮಯ್ಯ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹೆಂಡತಿ ಚಿಕ್ಕಸಿದ್ದಮ್ಮ ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರನ್ನು ಹಿತ್ತಲಲ್ಲಿ ಅವನ ಮೈಮೇಲೆ ಹುಯ್ಯುವಳು. ಪುಟ್ಟ ಪ್ರಮೀಳಾ ಎತ್ತಿಕೋ ಅಂತ ಓಡಿ ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು "ಬ್ಯಾಡ ಮಗ, ನಾಳಿಕೆ ಎತ್ಕತೀನಿ" ಅನ್ನುವನು. ಯಾರ್ಯಾರದೋ ಮಕ್ಕಳನ್ನು ಎದೆಗೆ ಅವುಚಿಕೊಂಡು ಬಂದವನು ತನ್ನ ಮಗಳನ್ನು ಮುಟ್ಟುತ್ತಿರಲಿಲ್ಲ. ಪ್ರಮೀಳಾ ಈ ಓದು ಹಿಡಿದದ್ದು ಅದಕ್ಕೇ. ಸಬ್ ಇನ್ಸ್‌ಪೆಕ್ಟರ್ ಆಗಬೇಕು. ಹೆಣ ಎತ್ತುವ ಮನೆಯಿಂದ ಪಂಚನಾಮೆ ಬರೆಯುವವಳು ಒಬ್ಬಳು ಬರಬೇಕು.

ಪಂಚನಾಮೆಯ ಕಲಂ ಮೊದಲು ನೂರ ಎಪ್ಪತ್ತನಾಲ್ಕು ಇತ್ತು. ಹೊಸ ಕಾನೂನು ಬಂದು ನೂರ ತೊಂಬತ್ತನಾಲ್ಕಾಯಿತು. ಮೇಷ್ಟ್ರು ಅದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದರು. ಕಲಂ ಬದಲಾಯಿತು. ಟಾರ್ಪಾಲಿನ ಮೇಲೆ ಮಲಗುವವಳು ಬದಲಾಗಲಿಲ್ಲ, ನಾಲೆಗೆ ಇಳಿಯುವವನೂ ಬದಲಾಗಲಿಲ್ಲ.

ಮೂರನೇ ವರ್ಷದ ಬೇಸಿಗೆಯಲ್ಲಿ ಕಾಲೇಜಿಗೆ ಗ್ರೇಡು ಕೊಡಲು ದೂರದ ಊರಿಂದ ತಪಾಸಣಾ ತಂಡ ಬರುವುದಿತ್ತು. ಅವರ ಮುಂದೆ ವೇದಿಕೆಯ ಮೇಲೆ ಶವ ಪಂಚನಾಮೆ ಮಾಡಿ ತೋರಿಸುವುದು ಅಂತ ತೀರ್ಮಾನವಾಯಿತು. ಪ್ರಮೀಳಾ ಮೇಷ್ಟ್ರ ಕೊಠಡಿಗೆ ಹೋದಳು.

"ಸಾರ್, ಈ ಸಲ ತನಿಖಾಧಿಕಾರಿ ನಾನಾಗ್ತೀನಿ. ಹೋದ ಸಲವೇ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ ಕಣಮ್ಮ. ಆದ್ರೆ ಹೇಮಶ್ರೀಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ನೋಡು."

"ಪಂಚನಾಮೆ ಕನ್ನಡದಲ್ಲೇ ತಾನೆ ಸಾರ್ ಬರೆಯೋದು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಮತ್ತೆ ಹೆಣ ಯಾರಾಗ್ತಾರೆ? ನಿನ್ನಷ್ಟು ಅಲ್ಲಾಡದೆ ಮಲಗೋರು ಈ ಕಾಲೇಜಲ್ಲೇ ಇಲ್ಲ."

"ಈ ಸಲ ಮಲಗಲ್ಲ ಸಾರ್."

ಮಾತು ಪ್ರಿನ್ಸಿಪಾಲರ ತನಕ ಹೋಯಿತು. ಪ್ರಮೀಳಾಗೆ ಅದೇ ಬೇಕಾಗಿತ್ತು. ಪ್ರಿನ್ಸಿಪಾಲ್ ಫಾದರ್ ಡೆನ್ಜಿಲ್ ಮೇಲೆ ಅವಳಿಗೆ ನಂಬಿಕೆ. ಹಿಂದಿನ ವಾರವಷ್ಟೇ ಪವಿತ್ರ ಗುರುವಾರ ಕಳೆದಿತ್ತು. ಯೇಸು ತನ್ನ ಶಿಷ್ಯರ ಕಾಲು ತೊಳೆದ ದಿನ ಅಂತ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆ ವರ್ಷ ಫಾದರ್ ಅವಳನ್ನೂ ಕೂರಿಸಿದ್ದರು. ಮಂಡಿಯೂರಿ ಕೂತು, ಅವಳ ಕಾಲಿಗೆ ನೀರು ಹುಯ್ದು ತೊಳೆದರು. ಎಡಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಏನಾಯ್ತಮ್ಮ ಅಂತ ಮೆಲ್ಲಗೆ ಕೇಳಿದರು. ಚಿಕ್ಕವಳಿದ್ದಾಗ ಅಪ್ಪ ಜಲ್ಲಿ ಹೊರುವ ಕಡೆ ಹೋಗಿ ಕಲ್ಲು ಬಿದ್ದದ್ದು ಅಂದಳು. ಫಾದರ್ ಆ ಕಾಲನ್ನು ಒರೆಸಿ, ಬಗ್ಗಿ ಮುತ್ತಿಟ್ಟರು. ಅಪ್ಪ ಅವ್ವ ಬಿಟ್ಟರೆ ಆ ಕಾಲನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

ಆ ಧೈರ್ಯದಲ್ಲೇ ಅವರ ಮುಂದೆ ನಿಂತು ಎಲ್ಲ ಹೇಳಿದಳು. ಫಾದರ್ ಸಮಾಧಾನವಾಗಿ ಕೇಳಿಸಿಕೊಂಡರು.

"ಮಗಳೇ, ಇದು ಕಾಲೇಜಿನ ಮಾನದ ಪ್ರಶ್ನೆ. ಇದೊಂದು ಸಲ. ದೇವರ ಮುಂದೆ ಯಾವ ಕೆಲಸವೂ ಕೀಳಲ್ಲ. ಒಂದು ತ್ಯಾಗ ಅಂದುಕೋ."

"ಕೀಳಲ್ಲ ಅಂದ್ರೆ ಹೇಮಶ್ರೀ ಮಲಗಬಹುದಲ್ಲ ಫಾದರ್?"

ಫಾದರ್ ಗಡಿಯಾರ ನೋಡಿದರು. "ಅವರ ಮನೆಯವರು ಒಪ್ಪೋದಿಲ್ಲಮ್ಮ."

"ನಮ್ಮನೆಯವರು ಒಪ್ತಾರಾ ಅಂತ ಮೂರು ವರ್ಷದಿಂದ ಯಾರೂ ಕೇಳಿಲ್ಲ."

ಫಾದರ್ ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಕಾಲು ತೊಳೆಯುವುದು ಸುಲಭ. ಪೆನ್ನು ಕೊಡುವುದು ಕಷ್ಟ. ಪ್ರಮೀಳಾ ಹೊರಗೆ ಬಂದು ಹಲ್ಲು ಕಚ್ಚಿಕೊಂಡಳು. ಇನ್ನೇನು ಪರೀಕ್ಷೆ ಬಂತು, ಡಿಗ್ರಿ ಕೈಗೆ ಬರುವ ತನಕ ತಡೆದುಕೋ ಅಂತ ತನಗೆ ತಾನೇ ಹೇಳಿಕೊಂಡಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹೆಣ ಎತ್ತುವುದನ್ನೂ ತೋರಿಸಿದರೆ ಚೆನ್ನ ಅಂತ ಮೇಷ್ಟ್ರಿಗೆ ಹೊಳೆದಿತ್ತು. ದಫೇದಾರ್ ನಟರಾಜು "ಅದಕ್ಕೇನ್ ಯೋಚ್ನೆ, ನಮ್ಮೋನೇ ಇದಾನಲ್ಲ" ಅಂದಿದ್ದ. ತಂಡ ಬರುವ ದಿನ ಬೆಳಿಗ್ಗೆ ಚಾಮಯ್ಯನಿಗೆ ಫೋನು ಮಾಡಿದ.

"ಲೇ ಚಾಮ, ಫಾದರ್ ಕಾಲೇಜ್ತಾವ ಒಂದ್ ಬಾಡಿ ಅದೆ. ಬಾ."

"ಯಾರ್ದು ಸಾಮಿ?"

"ಯಾವ್ದೋ ಹುಡ್ಗೀದು. ಬೇಗ ಬಾರ್ಲಾ."

ಚಾಮಯ್ಯ ಮಗಳಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಕಾರ್ಯಕ್ರಮದ ಮಧ್ಯೆ ಸದ್ದಾಗಬಾರದು ಅಂತ ವೇದಿಕೆ ಹತ್ತುವವರ ಫೋನುಗಳನ್ನೆಲ್ಲ ಮೇಷ್ಟ್ರು ಕಿತ್ತಿಟ್ಟುಕೊಂಡಿದ್ದರು. ಚಾಮಯ್ಯ ಮತ್ತೆ ಮತ್ತೆ ಹಚ್ಚಿದ. ಬಸ್ಸಿನಲ್ಲಿ ನಿಂತೇ ಬಂದ. ಅಷ್ಟು ದೊಡ್ಡ ಕಾಲೇಜಿನಲ್ಲಿ ಎಷ್ಟು ಹುಡುಗಿಯರಿಲ್ಲ, ನನ್ನದೇ ಯಾಕಾಗುತ್ತೆ ಅಂತ ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡ. ಗೇಟಿನ ಹತ್ತಿರ ನಟರಾಜು ಎಂದಿನಂತೆ ಕ್ವಾರ್ಟರ್ ಕೊಟ್ಟ. ಚಾಮಯ್ಯ ಎಂದಿನಂತೆ ಕುಡಿದ. ಕರೆಯುವ ತನಕ ಹೊರಗೇ ನಿಂತ, ಹೆಣ ಬಿದ್ದ ಕಡೆ ಜನ ಸೇರುವುದು ಅವನಿಗೆ ಹೊಸದಾಗಿರಲಿಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ತಪಾಸಣೆಯವರು, ಪಕ್ಕದಲ್ಲಿ ಫಾದರ್. ವೇದಿಕೆಯ ಮೇಲೆ ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಖಾಕಿ ಅಂಗಿ ತೊಟ್ಟ ಹೇಮಶ್ರೀ, ಕೈಯಲ್ಲಿ ಪೆನ್ನು. ಇನ್ನೊಂದು ನಟರಾಜುವಿಗೆ. ಕೆಳಗೆ ಟಾರ್ಪಾಲಿನ ಮೇಲೆ ಪ್ರಮೀಳಾ. ಮುಖದ ತನಕ ಬಿಳಿ ಬಟ್ಟೆ ಹೊದಿಸಿದ್ದರು. ಬಟ್ಟೆ ಗಿಡ್ಡ, ಕಾಲು ಹೊರಗಿದ್ದವು. ವಿರೂಪಾಕ್ಷ ಮೇಷ್ಟ್ರು ಮೈಕಿನಲ್ಲಿ ವಿವರಿಸಿದರು. ಹೇಮಶ್ರೀ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದಳು. "ಈಗ ಶವವನ್ನು ಆಸ್ಪತ್ರೆಗೆ ಸಾಗಿಸುವುದು" ಅಂದರು ಮೇಷ್ಟ್ರು.

ಬಟ್ಟೆಯೊಳಗೆ ಸೆಕೆ. ಪ್ರಮೀಳಾಗೆ ಮೊದಲು ಬರಿಗಾಲಿನ ಸಪ್ಪಳ ಕೇಳಿತು. ಆಮೇಲೆ ಸಾರಾಯಿಯ ವಾಸನೆ ಬಂತು. ಆಮೇಲೆ ದನಿ.

"ಕಾಲ್ ಕಡೆಯಿಂದ ಇಡ್ಕಳ್ಳಾ ಸಾಮಿ?"

ಅಪ್ಪ. ಎದ್ದು ಕೂರಬೇಕು ಅಂದುಕೊಂಡಳು. ಮೈ ಏಳಲಿಲ್ಲ. ಮೂರು ವರ್ಷ ಅಲ್ಲಾಡಬೇಡ ಅಲ್ಲಾಡಬೇಡ ಅಂತ ಕಲಿಸಿದ ಮೈ ಅದು. ಒರಟು ಕೈ ಬಂದು ಅವಳ ಕಾಲು ಹಿಡಿಯಿತು. ಹಿಡಿದದ್ದು ಹಾಗೇ ನಿಂತಿತು. ಉಗುರಿಲ್ಲದ ಹೆಬ್ಬೆರಳನ್ನು ಅವನ ಬೆರಳು ಒಂದು ಸಲ ಸವರಿತು. ಇನ್ನೊಂದು ಸಲ ಸವರಿತು.

"ಸಾಮಿ," ಅಂದ ಚಾಮಯ್ಯ. "ಯಾರಿದು ಸಾಮಿ?"

ಬಟ್ಟೆ ಎಳೆದ.

ಆ ಕೂಗನ್ನು ಬರೆಯಲು ಬರುವುದಿಲ್ಲ. ಹೊಟ್ಟೆಯ ಬುಡದಿಂದ ಬಂದ ಕೂಗು. ಚಾಮಯ್ಯ ಕುಸಿದು ಕೂತು ಮಗಳ ಕಂಕುಳಿಗೆ ತೋಳು ಕೊಟ್ಟು ಎದೆಗೆ ಅವುಚಿಕೊಂಡ. ನಾಲೆಯಿಂದ ಎತ್ತುವ ಹಾಗೆಯೇ. ಅವನಿಗೆ ಗೊತ್ತಿದ್ದದ್ದು ಅದೊಂದೇ ರೀತಿ. "ನನ್ ಕಂದಾ, ನನ್ ಪರ್ಮೀಳಾ, ಪೊಲೀಸ್ ಓದ್ತೀನಿ ಅಂತ ಬಂದ್ಯಲ್ಲವ್ವಾ" ಅಂತ ಅವಳ ತಲೆಗೆ ತಲೆ ಚಚ್ಚಿಕೊಂಡ.

ಸಭೆ ಚಪ್ಪಾಳೆ ತಟ್ಟಿತು.

ಹೌದು, ಚಪ್ಪಾಳೆ. ತಪಾಸಣೆಯ ಹಿರಿಯರು ಫಾದರ್ ಕಡೆ ಬಾಗಿ, "ಎಂಥ ನ್ಯಾಚುರಲ್ ಆಕ್ಟಿಂಗ್. ಎಲ್ಲಿಂದ ಕರೆಸಿದ್ರಿ?" ಅಂದರು. ಹಿಂದಿನ ಸಾಲಿನ ಹುಡುಗರು ನಕ್ಕು ಫೋನು ಎತ್ತಿ ಹಿಡಿದರು.

"ಅಪ್ಪ, ಇಲ್ ನೋಡು," ಅಂದಳು ಪ್ರಮೀಳಾ. "ಬದ್ಕಿವ್ನಿ ಕಣಪ್ಪ. ಸತ್ತಿಲ್ಲ. ಇದು ಆಟ ಕಣಪ್ಪ, ಆಟ."

ಚಾಮಯ್ಯ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದ. ಆಮೇಲೆ ಅವಳ ಕೆನ್ನೆಗೆ ಒಂದೇಟು ಹೊಡೆದು, ಹೊಡೆದ ಕೈಯನ್ನೇ ಕಚ್ಚಿಕೊಂಡು ಅತ್ತ. ನಗು ಇನ್ನೂ ನಿಂತಿರಲಿಲ್ಲ.

ಪ್ರಮೀಳಾ ಎದ್ದು ನಿಂತಳು. ಮೇಷ್ಟ್ರ ಕೈಯಿಂದ ಮೈಕು ತೆಗೆದುಕೊಂಡಳು.

"ಇವರು ನಮ್ಮಪ್ಪ. ಆಕ್ಟಿಂಗ್ ಮಾಡ್ತಾ ಇಲ್ಲ. ಮಗಳು ಸತ್ತಳು ಅಂತ ಅಳ್ತಾ ಇದಾರೆ. ನಗೋರು ನಗ್ಬಹುದು."

ಎತ್ತಿ ಹಿಡಿದ ಫೋನುಗಳು ಕೆಳಗಿಳಿದವು. ಪ್ರಮೀಳಾ ಕುರ್ಚಿ ಬಿಟ್ಟು ಎದ್ದು ನಿಂತಿದ್ದ ನಟರಾಜುವಿನ ಕಡೆ ತಿರುಗಿದಳು. "ನಮ್ಮಪ್ಪನಿಗೆ ಏನಂತ ಹೇಳಿ ಕರೆಸಿದ್ರಿ?"

"ಬಾಡಿ ಅದೆ ಬಾ ಅಂದೆ. ಇನ್ನೇನ್ ಹೇಳ್ಬೇಕಿತ್ತು? ಎತ್ತೋದು ತಾನೆ ಅವನ ಕೆಲಸ."

ವಿರೂಪಾಕ್ಷ ಮೇಷ್ಟ್ರು ಹತ್ತಿರ ಬಂದು ಹಲ್ಲಿನ ಸಂದಿಯಲ್ಲಿ ಮಾತಾಡಿದರು. "ಆಯ್ತಲ್ಲ, ಮಲಕೋ. ಇನ್ನೈದು ನಿಮಿಷ. ಅವರು ನೋಡ್ತಾ ಇದಾರೆ."

"ಮಲಗಲ್ಲ."

"ಇಂಟರ್ನಲ್ ಮಾರ್ಕ್ಸು ನನ್ನ ಕೈಲಿದೆ ಪ್ರಮೀಳಾ."

"ನಿಮ್ ಕೈಲೇ ಇರ್ಲಿ ಸಾರ್. ಮೂರು ವರ್ಷ ಹೆಣವಾಗಿ ತಗೊಂಡ ಮಾರ್ಕ್ಸೂ ವಾಪಸ್ ಇಟ್ಕೊಳ್ಳಿ."

ಬಿದ್ದಿದ್ದ ಬಿಳಿ ಬಟ್ಟೆಯನ್ನು ಎತ್ತಿ ಒದರಿದಳು. ಟಾರ್ಪಾಲಿನ ಪಕ್ಕದಲ್ಲಿ ನೀಟಾಗಿ ಮಡಿಸಿಟ್ಟಳು.

"ಜಾಗ ಖಾಲಿ ಇದೆ. ಯಾರ್ ಬರ್ತೀರ? ಹೇಮಶ್ರೀ, ಬರ್ತೀಯಾ? ಸಾರ್, ನೀವು? ಫಾದರ್, ಯಾವ ಕೆಲಸವೂ ಕೀಳಲ್ಲ ಅಂದಿದ್ರಿ."

ಹೇಮಶ್ರೀ ಪೆನ್ನನ್ನು ಮೇಜಿನ ಮೇಲಿಟ್ಟು, ಕುರ್ಚಿ ಬಿಟ್ಟು ಎದ್ದು ಹಿಂದೆ ಸರಿದಳು. ಮೇಷ್ಟ್ರು ಟಾರ್ಪಾಲನ್ನು ಮೆಟ್ಟದ ಹಾಗೆ ಕಾಲು ಎಳೆದುಕೊಂಡರು. ಫಾದರ್ ಡೆನ್ಜಿಲ್ ತಲೆ ತಗ್ಗಿಸಿದರು. ಅವಳ ಬರಿಗಾಲು ಅವರ ಕಣ್ಣ ಮಟ್ಟಕ್ಕೇ ಇತ್ತು. ಅವರು ಅದನ್ನು ನೋಡಲಿಲ್ಲ.

ಯಾರೂ ಬರಲಿಲ್ಲ. ಪ್ರಮೀಳಾ ಹೋಗಿ ತನಿಖಾಧಿಕಾರಿಯ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಇನ್ನೊಂದು ಕುರ್ಚಿಯನ್ನು ಎದುರಿಗೆ ಎಳೆದಳು.

"ಅಪ್ಪ, ಬಾ. ಕೂತ್ಕೊ."

ಚಾಮಯ್ಯ ಟವೆಲ್ಲಿನಲ್ಲಿ ಕೈ ಒರೆಸಿಕೊಂಡ. ಕುರ್ಚಿ ನೋಡಿದ, ನಟರಾಜುವನ್ನು ನೋಡಿದ, ಮಗಳನ್ನು ನೋಡಿದ. ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಲೇ ಚಾಮ," ಅಂದ ನಟರಾಜು. "ಏಳ್ಲಾ ಮ್ಯಾಕೆ. ಯಾರ್ ಕುರ್ಚಿ ಅದು? ಯಾರ್ ಮುಂದೆ ಕೂತಿದೀಯ?"

ಚಾಮಯ್ಯನ ಮಂಡಿ ಅಲುಗಿತು. ಹುಟ್ಟಿದಾಗಿನಿಂದ ಆ ದನಿಗೆ ಎದ್ದು ನಿಂತ ಮಂಡಿ. ಅವನು ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ಒತ್ತಿ ಹಿಡಿದ. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು ಬೆನ್ನನ್ನು ಕುರ್ಚಿಗೆ ಆನಿಸಿದ.

"ಏಳಾಕಿಲ್ಲ ಬುಡಿ," ಅಂದ. ಸಾಮಿ ಅನ್ನಲಿಲ್ಲ. "ಹೆಣಾನೇ ಎದ್ದಾಯ್ತಲ್ಲ. ಇನ್ ನಾನ್ಯಾಕ್ ಏಳ್ಲಿ."

ಪ್ರಮೀಳಾ ಹಾಳೆ ತಿರುವಿ ಹೊಸ ಪುಟ ತೆಗೆದಳು.

"ನಿಮ್ಮ ಹೆಸರು ಹೇಳಿ."

ಪೆನ್ನು ಹಿಡಿದವರು ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಅವನು ಸಭೆಯ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಚಾಮಯ್ಯ," ಅಂದ. "ಬರ್ಕವ್ವ. ಚಾಮ ಅಲ್ಲ. ಚಾಮಯ್ಯ."

"ಬರ್ಕೊಂಡೆ. ಈಗ ನೀವು ಎತ್ತಿದ ಮೊದಲನೇ ಹೆಣದಿಂದ ಹೇಳಿ."